ಯರಗುಪ್ಪಿಯ ಮುದುಕ

ಕಲಘಟಗಿ
೧೨ ಜುಲೈ ೨೦೨೪

ದೋಸ್ತ ಗೌಸ್,

ನಾಲ್ಕು ವರ್ಷಗಳ ಮೇಲೆ ಬರೆಯುತ್ತಿದ್ದೇನೆ, ಅದೂ ಕಾಗದದ ಮೇಲೆ. ಕುಂದಗೋಳ ತಾಲೂಕಿನ ಒಂಬೈನೂರು ಮನೆಗಳಿಗೆ ಇಂಟರ್ನೆಟ್ ಕೊಟ್ಟ ಇಬ್ಬರು ಮಹಾಶಯರು ಅಂಚೆ ಚೀಟಿಗೆ ಉಗುಳು ಹಚ್ಚಿ ಮಾತಾಡಬೇಕಾಗಿ ಬಂದಿದೆ, ನಾನೇನು ಮಾಡಲಿ? ನೀನು ನನ್ನ ಫೋನನ್ನು ಬ್ಲಾಕ್ ಮಾಡಿದ್ದೀ, ನಾನು ನಿನ್ನ ಮೇಲ್ ಬ್ಲಾಕ್ ಮಾಡಿದ್ದೇನೆ. ಪೋಸ್ಟಮನ್‌ನನ್ನು ಬ್ಲಾಕ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ರವಿವಾರ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಓಣಿಯ ಕಾಸೀಮಸಾಬರು ಸಿಕ್ಕಿದ್ದರು. ಕುಶಲ ಕೇಳುವ ಮೊದಲೇ, "ಈರೇಶಪ್ಪಾ, ನೀ ಬರದಿದ್ದ ಕಂಪ್ಯೂಟರ್ ಕೆಲಸಾ ಎಲ್ಲಾ ಒಂದು ಹುಡುಗಿ ಬಿಚ್ಚಿ ಹರವ್ಯಾಳಲ್ಲೋ! ತಿರ್ಲಾಪುರದಾಕಿ, ಅಗದಿ ಚುರುಕ. ಗೌಸ್ ಆಕಿನ್ನ ಹೊಗಳೂದ ಕೇಳಿದ್ರ ನಿನ್ನ ಹೊಟ್ಟಿ ತುಂಬತೈತಿ ನೋಡ" ಎಂದರು. ತುಂಬಿತು. ಯಾವುದರಿಂದ ತುಂಬಿತು ಎಂದು ಬರೆಯುವುದಿಲ್ಲ. ಬಸ್ಸು ಕಲಘಟಗಿ ಮುಟ್ಟುವ ತನಕ ಸುಡುತ್ತಿತ್ತು ಎಂದಷ್ಟೇ ತಿಳಿದುಕೋ.

ಬಿಚ್ಚಿ ಹರವಿದ್ದು 'ಓಣಿ'ಯನ್ನು ಎಂದು ನನಗೆ ಗೊತ್ತು. ಓಣಿ ನಾನು ಬರೆದ ಸಾಫ್ಟ್‌ವೇರು. ನಿನ್ನ ತಾಯಿ ಮರಿಯಮಬಿ ಅಮ್ಮನ ಅಡುಗೆಮನೆಯ ಬಾಜುವಿನ ಖೋಲಿಯಲ್ಲಿ, ಮುರಿದ ಕಾಲಿಗೆ ಕೇಬಲ್ ಸುತ್ತಿದ ಕುರ್ಚಿಯ ಮೇಲೆ ಕೂತು ಹನ್ನೊಂದು ತಿಂಗಳು ಬರೆದದ್ದು. ತಂತಿ ನಿನ್ನದು, ತಂತ್ರ ನನ್ನದು ಎಂದು ಆಗ ನಾವೇ ಕರಾರು ಮಾಡಿಕೊಂಡಿದ್ದೆವು. ಪ್ರತಿ ಮನೆಗೂ ನಾಲ್ಕಂಕಿಯ ಒಂದು ವಿಳಾಸ. ಮೊದಲನೆಯ ಅಂಕಿ ನಮ್ಮ ಜಾಲ, ಎರಡನೆಯದು ಊರು, ಮೂರನೆಯದು ಓಣಿ, ನಾಲ್ಕನೆಯದು ಮನೆ. ಹತ್ತು, ಏಳು, ಮೂರು, ನಲವತ್ತು ಎಂದರೆ ಯರಗುಪ್ಪಿಯ ಅಗಸಿ ಓಣಿಯ ರೇವವ್ವ. ನೀನು ಕಂಬದ ಮೇಲಿಂದ "ನಲವತ್ತು ಬಂತೇನಬೇ?" ಎಂದು ಒದರಿದರೆ ಆ ಮುದುಕಿ ಹೊರಗೆ ಬಂದು "ಬಂತಪಾ, ಇಳಿ ಕೆಳಗ, ಬಿದ್ದಗಿದ್ದಿ" ಎನ್ನುತ್ತಿದ್ದಳು. ಹಾಗೆ ಒಂದು ತಾಲೂಕನ್ನೇ ನಾಲ್ಕಂಕಿಯಲ್ಲಿ ಬಾಯಿಪಾಠ ಮಾಡಿಸಿದವನು ನಾನು.

ಅದನ್ನು ಬಿಚ್ಚಲು ನೀನು ಯಾರನ್ನು ಕೇಳಿದೆ? ಅದು ಹೋಗಲಿ. ಆಕೆ ನನ್ನ ಕುರ್ಚಿಯ ಮೇಲೆ ಕೂಡುತ್ತಾಳೇನು? ಇದೊಂದನ್ನು ತಿಳಿಸು, ಸಾಕು.

ನಿನ್ನ ಹಿಂದಿನ ಪಾಲುದಾರ,
ಈರೇಶ

ಕುಂದಗೋಳ
೧೯ ಜುಲೈ ೨೦೨೪

ಈರ್ಯಾ,

ಹನ್ನೆರಡಕ್ಕ ಹಾಕಿದ ಕಾಗದ ಹದಿನಾರಕ್ಕ ಬಂತು. ಮನಷ್ಯಾಗ ಎರಡು ಬಸ್, ಎರಡು ತಾಸಿನ ಹಾದಿ. ಕಾಗದಕ್ಕ ನಾಕು ದಿನಾ. ನಿನಗ ಅದ ಬೇಕಾಗಿತ್ತಂದ್ರ ಹಂಗ ಆಗಲಿ. ನನಗ ನಿನ್ನಂಗ ಪುಸ್ತಕದ ಕನ್ನಡ ಬರೂದಿಲ್ಲ, ಮಾತಾಡಿದಂಗ ಬರಿತೇನಿ.

ಮುಸರತ್ ನಿನ್ನ ಕುರ್ಚಿ ಮ್ಯಾಲೆ ಕೂಡೂದಿಲ್ಲ. ಅದು ಮುರದು ಎರಡು ವರ್ಷ ಆತು. ಅಮ್ಮಾ ನೀರೊಲಿಗೆ ಹಾಕಿದ್ಲು. ಹುಡುಗಿ ಚಾಪಿ ಮ್ಯಾಲೆ ಕೂಡ್ತಾಳ.

ಯಾರನ್ನ ಕೇಳಿದಿ ಅಂದ್ಯಲ್ಲ? ನಿನ್ನನ್ನ. ಮಾರ್ಚಿನಾಗ ನಮ್ಮ ಹುಡುಗ ಜಾಕೀರನ ಕೈಲೆ ಹೇಳಿ ಕಳಿಸಿದ್ದೆ. "ಕಾಲೇಜಿನಾಗ ಪರೀಕ್ಷಾ ಅದಾವು" ಅಂದು ಕಳಿಸಿದಿ. ಹುಬ್ಬಳ್ಳಿಯಿಂದ ನಮಗ ಇಂಟರ್ನೆಟ್ ಕೊಡೂ ಮಂದಿ ನೋಟಿಸ್ ಕೊಟ್ಟಾರ. ಹಳೇ ನಾಕಂಕಿ ವಿಳಾಸ ಜಗತ್ತಿನಾಗ ತೀರಿ ಹೋಗ್ಯಾವಂತ. ವರ್ಷ ಮುಗಿಯೂದರಾಗ ಹೊಸ ನಮೂನಿ ವಿಳಾಸ ನಡೀಬೇಕು, ಇಲ್ಲಂದ್ರ ಮುಂದ ಹೊಸ ಮನಿಗೆ ಲೈನ್ ಇಲ್ಲ. ನಿನ್ನ ಓಣಿಗೆ ನಾಕಂಕಿ ಬಿಟ್ರ ಬ್ಯಾರೆ ಏನೂ ತಿಳಿಯೂದಿಲ್ಲ. ಅದರಾಗ ಒಂದು ದೊಡ್ಡ ಕಂಪನಿ ಮಂದಿ ಜೀಪ್ ತಗೊಂಡು ಯರಗುಪ್ಪ್ಯಾಗ ಮನಿಮನಿ ತಿರಗಾಕತ್ತಾರ. ಅಲ್ಲೆ ನಮ್ಮವು ಎರಡು ನೂರು ಮನಿ.

ಅದಕ್ಕ ಮುಸರತಗ ಹೇಳೇನಿ: ಮೊದಲ ಯರಗುಪ್ಪಿ ಹೊಸ ವಿಳಾಸಕ್ಕ ತಂದು ತೋರಸು, ಆಮ್ಯಾಲೆ ಇಡೀ ತಾಲೂಕ ನಿನ್ನ ಕೈಯಾಗ, ನೀ ನನ್ನ ಪಾಲುದಾರ್ತಿ. ಆಗಲಿಲ್ಲಂದ್ರ ತಿರ್ಲಾಪುರದ ಬಸ್ ಹತ್ತು. ಹುಡುಗಿ ಹೂಂ ಅಂದಾಳ.

ಆಕಿ ನಿನಕಿಂತ ಶಾಣ್ಯಾ ಅದಾಳ. ಸಿಟ್ಟಾಗಬ್ಯಾಡ, ಖರೇನ ಹೇಳಾಕತ್ತೇನಿ.

ಗೌಸ್

ಕಲಘಟಗಿ
೪ ಆಗಸ್ಟ್ ೨೦೨೪

ಪ್ರಿಯ ಗೌಸ್,

ನಿನ್ನ ಕಾಗದವನ್ನು ಒಂದು ಸಲ ಓದಿದೆ, ಅದರಲ್ಲಿನ ಒಂದು ಶಬ್ದವನ್ನು ಮಾತ್ರ ಹತ್ತು ಸಲ. 'ಪಾಲುದಾರ್ತಿ.' ಕನ್ನಡಕ್ಕೆ ಹೊಸದೊಂದು ಸ್ತ್ರೀಲಿಂಗ ಕೊಟ್ಟ ಪುಣ್ಯ ನಿನಗೆ ಬರಲಿ. ನನಗೆ ಆ ಶಬ್ದದ ಪುಲ್ಲಿಂಗ ಸಿಗಲು ಮೂರು ವರ್ಷ ಬೇಕಾಗಿತ್ತು, ಆಕೆಗೆ ಈ ವರ್ಷ ಮುಗಿಯುವುದರೊಳಗೆ ಸಿಗುತ್ತದೆ. ಹೊಸ ಪೀಳಿಗೆಯಲ್ಲಿ ಎಲ್ಲವೂ ವೇಗ.

ಈ ಹೊಸ ವಿಳಾಸದ ಬಗ್ಗೆ ನನಗೆ ಗೊತ್ತಿಲ್ಲ ಎಂದು ತಿಳಿಯಬೇಡ. ಇಲ್ಲಿ ಡಿಪ್ಲೊಮಾ ಹುಡುಗರಿಗೆ ಅದನ್ನೇ ಪಾಠ ಹೇಳಿ ಸಂಬಳ ಎಣಿಸುತ್ತೇನೆ. ನಾಲ್ಕನೆಯ ಪೀಳಿಗೆಯ ವಿಳಾಸ ಮುಗಿಯಿತು, ಆರನೆಯದು ಬಂತು. ಐದು ಎಲ್ಲಿ ಹೋಯಿತು ಎಂದು ಒಬ್ಬ ಹುಡುಗನೂ ಕೇಳುವುದಿಲ್ಲ. ನಡುವೆ ಕಳೆದುಹೋದವರನ್ನು ಯಾರು ಕೇಳುತ್ತಾರೆ, ಬಿಡು. ಈ ಆರನೆಯದು ಇದೆಯಲ್ಲ, ಎಂಟು ಗುಂಪು, ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರ, ಗುಂಪುಗಳ ನಡುವೆ ಜೋಡಿ ಚುಕ್ಕೆ. ಡಾಕ್ಟರು ಅವಸರದಲ್ಲಿ ಗೀಚಿದ ಔಷಧ ಚೀಟಿಯೇ ಸೈ. ಕಂಬದ ಮೇಲಿಂದ ನೀನು ಅದನ್ನು ಒದರಿ ಮುಗಿಸುವುದರೊಳಗೆ ರೇವವ್ವ ರೊಟ್ಟಿ ಬಡಿದು, ಉಂಡು, ಒಂದು ನಿದ್ದೆ ತೆಗೆದಿರುತ್ತಾಳೆ. ನಮ್ಮ ಎರಿ ಹೊಲದ ಒಂದೊಂದು ಜೋಳದ ಕಾಳಿಗೂ ಪ್ರತ್ಯೇಕ ವಿಳಾಸ ಕೊಡಬಹುದಂತೆ. ಕೊಡಲಿ. ಕಾಳಿಗೆ ಕಾಗದ ಬರೆಯುವವರು ಯಾರು?

ವಿಳಾಸ ನಾಲ್ಕಿದ್ದಾಗ ನಮ್ಮ ದೋಸ್ತಿ ಬಿಸಿಯಿತ್ತು. ಆರು ಬಂತು, ಆರಿತು.

ನಾನು ನೌಕರಿ ಸಿಕ್ಕಿತೆಂದು ಹೊರಟ ದಿನ ನೀನು ಸ್ಟೇಶನ್ ರಸ್ತೆಯ ಕಂಬದ ಮೇಲಿದ್ದೆ. "ಹೋಗಿ ಬರ್ತೇನಲೇ" ಎಂದು ಕೆಳಗಿನಿಂದ ಕೂಗಿದೆ. "ಹೂಂ, ಹೋಗಪಾ" ಎಂಬ ಉತ್ತರ ಮೇಲಿನಿಂದಲೇ ಬಂತು. ನೀನು ಇಳಿಯಲಿಲ್ಲ. ಅದೇಕೋ ಈಗ ನೆನಪಾಯಿತು. ವಿಷಯಕ್ಕೆ ಸಂಬಂಧವಿಲ್ಲ.

ನನಗೆಂದು ಅಮ್ಮ ಮಾಂಸದ ಸೋಂಕಿಲ್ಲದ ಒಂದು ಬೇರೆ ತವಾ ಇಟ್ಟಿದ್ದರಲ್ಲ, ಅದರ ಮೇಲೆ ಈಗ ಯಾರ ರೊಟ್ಟಿ ಬೇಯುತ್ತದೆ ಎಂದು ನಾನು ಕೇಳುವುದಿಲ್ಲ. ಕೇಳಿದಂತಾಯಿತು, ಆದರೂ ಕೇಳುವುದಿಲ್ಲ.

ನಿನ್ನ ಶಾಣ್ಯಾ ಹುಡುಗಿಗೆ ಒಂದು ಮಾತು ಹೇಳು. ಓಣಿಯಲ್ಲಿ ನನಗೊಬ್ಬನಿಗೇ ಗೊತ್ತಿರುವ ಮೂಲೆಯೊಂದಿದೆ. ಅಲ್ಲಿ ಎಡವಿದ ದಿನ ನಿನಗೆ ಎರಡು ಬಸ್ಸಿನ ಹಾದಿ ತಾನಾಗಿಯೇ ನೆನಪಾಗುತ್ತದೆ.

ನಾಲ್ಕಂಕಿಯವನು,
ಈರೇಶ

ಕುಂದಗೋಳ
೯ ಸೆಪ್ಟೆಂಬರ್ ೨೦೨೪

ಮಾನ್ಯ ಈರೇಶ ಸರ್ ಅವರಿಗೆ,

ತಿರ್ಲಾಪುರದ ಅಬ್ದುಲ್‌ಸಾಬರ ಮಗಳು ಮುಸರತ್ ಮಾಡುವ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ನಿಮ್ಮ ಪರಿಚಯ ನನಗೆ ಚೆನ್ನಾಗಿದೆ, ಏಕೆಂದರೆ ಮೂರು ತಿಂಗಳಿಂದ ನಿಮ್ಮ ಓಣಿಯಲ್ಲೇ ಓಡಾಡುತ್ತಿದ್ದೇನೆ. ಫೋನ್ ಮಾಡಲೇ ಎಂದು ಗೌಸ್ ಕಾಕಾನನ್ನು ಕೇಳಿದೆ. "ಬ್ಯಾಡವಾ, ಅವಗ ಕಾಗದಾನ ಬರಿ. ಕಾಗದಕ್ಕಾದ್ರ ಉತ್ತರಾ ಕೊಡ್ತಾನ" ಎಂದರು.

ನೀವು ಸಾಲುಗಳ ನಡುವೆ ಬರೆದಿಟ್ಟಿರುವ ಟಿಪ್ಪಣಿಗಳನ್ನು ಓದಿ ಒಬ್ಬಳೇ ನಗುತ್ತಿರುತ್ತೇನೆ. 'ಇದನ್ನ ಗೌಸ್ ಮುಟ್ಟಬಾರದು, ಮುಟ್ಟಿದ್ರ ಮೂರು ದಿನಾ ಕಂಬದ ಮ್ಯಾಲೇ ಇರಬೇಕು.' 'ಇದು ಯಾಕ ಕೆಲಸಾ ಮಾಡತೈತಿ ನನಗೂ ಗೊತ್ತಿಲ್ಲ, ಮಾಡತೈತಿ ಅಂದಮ್ಯಾಲೆ ದೇವರು ಅದಾನ.' ಮರಿಯಮಬಿ ಅಜ್ಜಿಗೆ ಓದಿ ಹೇಳಿದೆ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೊತ್ತಿಗೆ ಸರಿಯಾಗಿ ಉಣ್ತಾನೋ ಇಲ್ಲೋ ಕೇಳು" ಎಂದರು. ಕೇಳಿದ್ದೇನೆ.

ಓಣಿಯಲ್ಲಿ ವಿಳಾಸವನ್ನು ಬರೆಯುವ ಅಥವಾ ಓದುವ ನೂರಾ ಹನ್ನೆರಡು ಜಾಗ ಸಿಕ್ಕವು. ಎಲ್ಲ ಕಡೆ ಹದಿನೈದು ಅಕ್ಷರಕ್ಕೆ ಮಾತ್ರ ಎಡೆ ಬಿಟ್ಟಿದ್ದೀರಿ. ಮೂರು ಮೂರು ಅಂಕಿ ನಾಲ್ಕು ಸಲ, ನಡುವೆ ಮೂರು ಚುಕ್ಕೆ, ಲೆಕ್ಕ ಸರಿ. ಹೊಸ ವಿಳಾಸಕ್ಕೆ ಮೂವತ್ತೊಂಬತ್ತು ಬೇಕು. ಎಲ್ಲವನ್ನೂ ಹಿಗ್ಗಿಸಿದ್ದೇನೆ. ಒಂದು ಜಾಗ ಉಳಿದರೂ ಅಲ್ಲಿ ಹೊಸ ವಿಳಾಸದ ಬಾಲ ಕತ್ತರಿಸಿಹೋಗುತ್ತದೆ. ಒಂದು ಊರಿನ ಎಲ್ಲ ವಿಳಾಸಗಳಿಗೂ ತಲೆ ಒಂದೇ, ಬಾಲ ಮಾತ್ರ ಬೇರೆ. ಬಾಲ ಹೋದರೆ ಎರಡು ನೂರು ಮನೆಗಳೂ ಒಂದೇ ಮನೆಯ ಹಾಗೆ ಕಾಣುತ್ತವೆ. ಅದೇ ನನ್ನ ಹೆದರಿಕೆ.

ಒಂದು ಸಾಲು ಮಾತ್ರ ತಿಳಿಯಲಿಲ್ಲ. ಯರಗುಪ್ಪಿಯ ಫೈಲಿನ ಕೊನೆಗೆ, 'ಪಟ್ಟಿ ಯರಗುಪ್ಪಿ ಮುದುಕಗ ಕಳಸು, ಅಂವಾ ಹೂಂ ಅಂದ್ರನ ಬಾಗಿಲಾ ತಗಿ' ಎಂದಿದೆ. ಮುದುಕ ಯಾರು ಸರ್? ಗೌಸ್ ಕಾಕಾ "ಏನರ ಚ್ಯಾಷ್ಟಿ ಮಾಡಿರಬೇಕು" ಎಂದರು. ಮುದುಕ ಎಂದರೆ ಯಾವುದಾದರೂ ಯಂತ್ರವೇ? ಎಲ್ಲಿದೆ? ಅದರಲ್ಲೂ ಹದಿನೈದೇ ಇದ್ದರೆ ನಾನು ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಡಿಸೆಂಬರಿನಲ್ಲಿ ಯರಗುಪ್ಪಿ ಕೆಟ್ಟರೆ ನಾನು ಊರಿಗೆ ಹೋಗಬೇಕು ಎಂಬುದು ನಿಮಗೂ ಗೊತ್ತಿರಬಹುದು.

ತಮ್ಮ ವಿಶ್ವಾಸಿ,
ಮುಸರತ್

ಕಲಘಟಗಿ
೨೦ ಸೆಪ್ಟೆಂಬರ್ ೨೦೨೪

ಕುಮಾರಿ ಮುಸರತ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಅಕ್ಷರ ಮುತ್ತು, ಪ್ರಶ್ನೆ ಮುಳ್ಳು. ನೂರಾ ಹನ್ನೆರಡು ಜಾಗಗಳನ್ನು ಹುಡುಕಿದ್ದೀರಿ ಎಂದು ಓದಿ ಬೆರಗಾದೆ. ನನ್ನ ಲೆಕ್ಕದಲ್ಲಿ ತೊಂಬತ್ತೇ ಇದ್ದವು. ಉಳಿದ ಇಪ್ಪತ್ತೆರಡನ್ನು ನಾನು ಯಾವಾಗ ಬರೆದೆನೋ ನನಗೇ ನೆನಪಿಲ್ಲ. ನನ್ನ ಓಣಿಯನ್ನು ನನಗಿಂತ ಚೆನ್ನಾಗಿ ಬಲ್ಲವರೊಬ್ಬರು ಹುಟ್ಟಿದ್ದಾರೆ ಎಂದಾಯಿತು. ಈ ಊರಿನಲ್ಲಿ ಬಣ್ಣದ ತೊಟ್ಟಿಲು ಬಹಳ ಚೆಂದ ಮಾಡುತ್ತಾರೆ. ಕೂಸು ಬೇರೆಯವರ ಮನೆಯಲ್ಲಿ ಬೆಳೆಯುತ್ತಿರುವಾಗ ನಾನು ತೊಟ್ಟಿಲುಗಳ ಊರಿನಲ್ಲಿ ಕೂತಿದ್ದೇನೆ.

ನೀವು ಹಿಗ್ಗಿಸಿದ್ದು ಸರಿಯಾಗಿದೆ. ಹಳೆಯ ಮತ್ತು ಹೊಸ ವಿಳಾಸಗಳೆರಡನ್ನೂ ಕೆಲವು ತಿಂಗಳು ಜೋಡೆತ್ತಿನ ಹಾಗೆ ನಡೆಸಿ. ಹಳೆಯ ಎತ್ತನ್ನು ಒಮ್ಮೆಲೇ ಬಿಚ್ಚಬೇಡಿ.

ಮುದುಕನ ವಿಷಯ. ಗೌಸ್ ಹೇಳಿದ್ದೇ ನಿಜ, ಅದು ಚೇಷ್ಟೆ. ಯರಗುಪ್ಪಿಯಲ್ಲಿ ಹಿರಿಯರೊಬ್ಬರ ಅಪ್ಪಣೆಯಿಲ್ಲದೆ ನಾವು ಒಂದು ಕಂಬವನ್ನೂ ನೆಡಲಾಗಲಿಲ್ಲ, ಅದರ ನೆನಪಿಗೆ ಬರೆದ ಸಾಲು ಅದು. ಯಾರಿಗೂ ಏನನ್ನೂ ಕಳಿಸುವುದಿಲ್ಲ. ಹಾಗೇ ಬಿಡಿ, ಮುದುಕರನ್ನು ಎಬ್ಬಿಸಬಾರದು.

ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆ ಎಂದು ಅಮ್ಮನಿಗೆ ಹೇಳಿ.

ಶುಭ ಕೋರುವ,
ಈರೇಶ

ಕುಂದಗೋಳ
೨೬ ನವೆಂಬರ್ ೨೦೨೪

ಈರ್ಯಾ,

ಡಿಸೆಂಬರ್ ಹದಿನೈದು, ರವಿವಾರ, ಮುಂಜಾನೆ ಹತ್ತಕ್ಕ ಯರಗುಪ್ಪಿ ಬದಲಿ. ಎಲ್ಲಾ ತಯಾರ ಐತಿ. ಕಂಪನಿ ಜೀಪ್ ಇನ್ನೂ ಅಲ್ಲೇ ತಿರಗಾಕತ್ತೈತಿ, ನಮ್ಮದು ಎಂದು ಬೀಳತೈತಿ ಅಂತ ಕಾದು ಕುಂತಾರ. ಅವರ ಕಣ್ಣ ಮುಂದ ಮಾಡಿ ತೋರಸೋಣು ಅಂತ ಮುಸರತ್ ಅಂದ್ಲು.

ಹುಡುಗಿ ನಿನ್ನ ಕಾಗದ ಎಲ್ಲಾರಿಗೂ ತೋರಿಸ್ಯಾಳ, "ಸರ್ ನನಗ ಉತ್ತರಾ ಬರದಾರ" ಅಂತ. ಓಣಿಯ ಮೊದಲನೇ ಸಾಲಿನಾಗ ನಿನ್ನ ಹೆಸರು ಮ್ಯಾಲೆ ಇಟ್ಟು ತನ್ನ ಹೆಸರು ಕೆಳಗ ಹಾಕ್ಯಾಳ. ನಾ ಹಾಕಂತ ಹೇಳಿಲ್ಲ.

ತವಾ ಕೇಳಿದ್ದಿ. ಹಂಗ ಐತಿ. ಗ್ವಾಡಿಗೆ ತೂಗಹಾಕ್ಯಾಳ ಅಮ್ಮಾ, ಬ್ಯಾರೆ ಯಾರಿಗೂ ಮುಟ್ಟಗೊಡೂದಿಲ್ಲ. ಶನಿವಾರ ಬಂದು ಬಿಡು. ರವಿವಾರ ಮೂವರೂ ಕೂಡೆ ಯರಗುಪ್ಪಿಗೆ ಹೋಗೂಣು.

ಗೌಸ್

ಕಲಘಟಗಿ
೧೩ ಡಿಸೆಂಬರ್ ೨೦೨೪, ಶುಕ್ರವಾರ

ಗೌಸ್,

ಇದನ್ನು ಓದಿದ ಕೂಡಲೇ ಮುಸರತ್ ಕೈಗೆ ಕೊಡು.

ಮುದುಕ ಎಂಬುದು ಚೇಷ್ಟೆಯಲ್ಲ. ಯರಗುಪ್ಪಿಯಲ್ಲಿ ಈರಬಸಪ್ಪನ ಹಿಟ್ಟಿನ ಗಿರಣಿಯ ಹಿಂದಿನ ಖೋಲಿಯ ಗೋಡೆಯಲ್ಲಿನ ಮಾಡದಲ್ಲಿ ನಮ್ಮ ಮೊದಲನೆಯ ಕಂಪ್ಯೂಟರ್ ಇದೆ. ಆಗ ಕುಂದಗೋಳದ ಸಂಪರ್ಕ ದಿನಕ್ಕೆರಡು ಸಲ ಕಡಿಯುತ್ತಿತ್ತಲ್ಲ, ಊರಿನ ಪಟ್ಟಿ ಊರಿನಲ್ಲೇ ಇರಲಿ ಎಂದು ಇಟ್ಟದ್ದು. ಹೊಸ ಕೇಬಲ್ ಎಳೆದ ಮೇಲೆ ನೀನು "ಒಗಿಯಲೇ ಅದನ್ನ" ಎಂದಿದ್ದೆ. ನಾನು ಒಗೆಯಲಿಲ್ಲ. ಅದು ಹೂಂ ಅನ್ನದೆ ಯರಗುಪ್ಪಿಯ ಯಾವ ಮನೆಗೂ ಬಾಗಿಲು ತೆರೆಯದಂತೆ ಬರೆದಿಟ್ಟೆ. ಎಲ್ಲ ನಿನ್ನ ತಂತಿಯ ಮೇಲೇ ನಡೆಯುತ್ತಿದ್ದಾಗ ನನ್ನದೂ ಒಂದು ಗೂಟ ಇರಲಿ ಎನ್ನಿಸಿತ್ತು.

ಅದಕ್ಕೆ ಹದಿನೈದು ಅಕ್ಷರ ಮಾತ್ರ ಓದಲು ಬರುತ್ತದೆ. ಹೊಸ ಪಟ್ಟಿ ಹೋದರೆ ಬಾಲಗಳನ್ನೆಲ್ಲ ಕತ್ತರಿಸಿ, ಒಂದೇ ಮನೆ ಎರಡು ನೂರು ಸಲ ಬಂತು, ಯಾರೋ ಕಳ್ಳರು ಎಂದು ತಿಳಿದು ಊರಿಗೆ ಊರನ್ನೇ ಮುಚ್ಚಿಬಿಡುತ್ತದೆ. ಒಮ್ಮೆ ಮುಚ್ಚಿದರೆ ಹಳೆಯ ಪಟ್ಟಿ ಕೊಟ್ಟರೂ ತೆರೆಯುವುದಿಲ್ಲ. ಹದಿನೈದು ಇರುವಲ್ಲಿ ಮೂವತ್ತೊಂಬತ್ತು ಮಾಡಿದರೆ ಮುಗಿಯಿತು. ಎರಡು ನಿಮಿಷದ ಕೆಲಸ.

ಶನಿವಾರ ಬರಲಾಗುವುದಿಲ್ಲ. ಪರೀಕ್ಷೆಗಳಿವೆ. ಈಗ ಮಧ್ಯಾಹ್ನ ಮೂರು ಗಂಟೆ. ನಾಲ್ಕರ ಟಪಾಲಿಗೆ ಇದನ್ನು ಹಾಕುತ್ತೇನೆ. ರವಿವಾರದೊಳಗೆ ಮುಟ್ಟೀತು. ನಾನಂತೂ ಹೇಳಿದ್ದೇನೆ.

ಈರೇಶ

ಕುಂದಗೋಳ
೧೮ ಡಿಸೆಂಬರ್ ೨೦೨೪

ಈರೇಶ ಸರ್ ಅವರಿಗೆ,

ನೀವು ಗೌಸ್ ಕಾಕಾನಿಗೆ ಬರೆದ ಕಾಗದ ನಿನ್ನೆ, ಮಂಗಳವಾರ ಮಧ್ಯಾಹ್ನ ಬಂತು. ಅವರು ಓದಿ ನನ್ನ ಮುಂದೆ ಇಟ್ಟು ಹೊರಗೆ ಹೋದರು. ಆದ್ದರಿಂದ ರವಿವಾರ ಏನಾಯಿತೆಂದು ನಾನೇ ತಿಳಿಸುತ್ತಿದ್ದೇನೆ.

ಹತ್ತು ಗಂಟೆಗೆ ಬದಲಿಸಿದೆ. ಹತ್ತು ನಿಮಿಷ ಎಲ್ಲ ಸರಿಯಿತ್ತು. ಊರ ಅಗಸಿಬಾಗಿಲಿನ ಹತ್ತಿರ ನಿಂತಿದ್ದವರು ಚಪ್ಪಾಳೆಯನ್ನೂ ಹೊಡೆದರು. ಆಮೇಲೆ ಇಡೀ ಊರು ಒಮ್ಮೆಲೇ ಹೋಯಿತು. ಹಳೆಯ ವಿಳಾಸಕ್ಕೆ ತಿರುಗಿ ತಂದೆ, ಆದರೂ ಬರಲಿಲ್ಲ. ಕಂಪನಿಯ ಜೀಪು ಅಲ್ಲೇ ಇತ್ತು. ಅವರು ಬಾನೆಟ್ ಮೇಲೆ ಅರ್ಜಿ ಹರಡಿ ಸಹಿ ತೆಗೆದುಕೊಳ್ಳತೊಡಗಿದರು. ಮಧ್ಯಾಹ್ನದೊಳಗೆ ಅರವತ್ತೊಂದು ಮನೆ ಹೋದವು. ರೇವವ್ವಜ್ಜಿ ಮಾತ್ರ ಜೀಪಿನವರಿಗೆ, "ನಂದು ನಲವತ್ತು. ನಲವತ್ತ ಇರ್ಲಿ, ಹೋಗ್ರಿ ಅತ್ತಾಗ" ಎಂದಳು. ಆಕೆಗೆ ಹೊಸ ವಿಳಾಸ ಬಂದಿದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಎರಡು ಗಂಟೆಗೆ ಗೌಸ್ ಕಾಕಾ ಅಗಸಿಯಲ್ಲಿ ಎಲ್ಲರ ಮುಂದೆ, "ತಿರ್ಲಾಪುರದ ಬಸ್ ನಾಕಕ್ಕ ಐತಿ, ಚೀಲಾ ಕಟ್ಟು" ಎಂದರು. ನಾನು ಬಸ್ಸಿಗೆ ಹೋಗಲಿಲ್ಲ. ಪಟ್ಟಿ ಎಲ್ಲೋ ಹೋಗಿ ನಿಲ್ಲುತ್ತಿದೆ, ಎಲ್ಲಿ ಎಂದು ನೋಡಬೇಕೆನಿಸಿತು. ಅಗಸಿಯಲ್ಲಿನ ಕೇಬಲ್ ಪೆಟ್ಟಿಗೆಯಿಂದ ಹೊರಟ ಒಂದೊಂದೇ ತಂತಿ ಹಿಡಿದು ನಡೆದೆ. ಒಂಬತ್ತನೆಯ ತಂತಿ ಗಿರಣಿಯ ಹಿಂದಿನ ಗೋಡೆಯೊಳಗೆ ಹೋಗಿತ್ತು. ಒಳಗೆ, ಮಾಡದಲ್ಲಿ, ಮೈತುಂಬ ಹಿಟ್ಟು ಮೆತ್ತಿಕೊಂಡು ನಿಮ್ಮ ಮುದುಕ ಕೂತಿದ್ದ. ಹದಿನೈದನ್ನು ಮೂವತ್ತೊಂಬತ್ತು ಮಾಡಿದೆ. ಐದು ಇಪ್ಪತ್ತಕ್ಕೆ ಊರು ಬಂತು. ನೀವು ಬರೆದದ್ದು ನಿಜ, ಎರಡೇ ನಿಮಿಷದ ಕೆಲಸ.

ಆ ಸಾಲು ನಿಜವಾಗಿ ಏನನ್ನೂ ಕಳಿಸುವುದಿಲ್ಲವೇ ಎಂದು ನಾನು ಪರೀಕ್ಷಿಸಿ ನೋಡಬಹುದಿತ್ತು. ಬರೆದವರೇ ಇಲ್ಲ ಎಂದ ಮೇಲೆ ನೋಡಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಇನ್ನೊಂದು ಮಾತು. ನಾನು ಹಿಟ್ಟು ಒರೆಸುತ್ತಿದ್ದಾಗ ಈರಬಸಪ್ಪಜ್ಜ ಬಾಗಿಲಲ್ಲಿ ನಿಂತು, "ಇದನ್ನೇನವಾ ಹುಡುಕಾಕತ್ತಿದ್ದಿ? ಹೋದ ತಿಂಗಳಾ ಈರೇಶಪ್ಪ ಬಂದಿದ್ನಲ್ಲ. ಇದರ ಮುಂದ ಅರ್ಧಾ ತಾಸು ಕುಂತು, ಚಾ ಕುಡದು ಹ್ವಾದಾ. ನಿಮಗ ಹೇಳಲಿಲ್ಲೇನು?" ಎಂದರು. ಇದನ್ನು ಗೌಸ್ ಕಾಕಾನಿಗೆ ನಾನು ಹೇಳಿಲ್ಲ. ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಮುಸರತ್

ಕುಂದಗೋಳ
೧೮ ಡಿಸೆಂಬರ್ ೨೦೨೪

ಈರೇಶ,

ಹುಡುಗಿಗೆ ಯರಗುಪ್ಪಿ ಅಗಸ್ಯಾಗ ಮಂದಿ ಮುಂದ ಬೈದಿದ್ದೆ. ಇವತ್ತ ಅದ ಅಗಸ್ಯಾಗ, ಅದ ಮಂದಿ ಮುಂದ ತಪ್ಪಾತವಾ ಅಂದು ಬಂದೇನಿ. ಆಕಿ ಇನ್ನ ಪಾಲುದಾರ್ತಿ.

ನಿನ್ನ ಫೋನಿನ ಬ್ಲಾಕ್ ನಾ ಜೂನ್‌ದಾಗನ ತಗದೇನಿ. ಆಕಿ ಕೆಲಸಕ್ಕ ಬಂದ ದಿನಾನ. ನಿನಗ ಏನರ ಕೇಳೂದು ಬರತೈತಿ, ನೀ ಹಚ್ಚಿದ್ರ ಹತ್ತಬೇಕು ಅಂತ. ನೀ ಒಂದು ಸಲಾನೂ ಹಚ್ಚಿ ನೋಡಲಿಲ್ಲ.

ಇನ್ನ ಕಾಗದ ಬರೀಬ್ಯಾಡ.

ಗೌಸ್

ಕಲಘಟಗಿ
೨೩ ಡಿಸೆಂಬರ್ ೨೦೨೪

ಮುಸರತ್ ಅವರಿಗೆ,

ಗೌಸ್‌ಗೆ ಬರೆಯುವ ಹಕ್ಕು ಕಳೆದುಕೊಂಡೆ. ಆದ್ದರಿಂದ ನಿಮಗೆ. ಓದಿದ ಮೇಲೆ ಅವನ ಮುಂದೆ ಇಡಿ. ಅವನು ನಿಮ್ಮ ಮುಂದೆ ಇಟ್ಟ ಹಾಗೆಯೇ.

ಈರಬಸಪ್ಪ ಹೇಳಿದ್ದು ನಿಜ. ನವೆಂಬರ್ ಹದಿನೇಳರಂದು ಯರಗುಪ್ಪಿಗೆ ಹೋಗಿದ್ದೆ. ಮುದುಕ ಸತ್ತಿದ್ದರೆ ನನ್ನ ಸುಳ್ಳು ಸತ್ಯವಾಗುತ್ತಿತ್ತು, ನಿಮಗೂ ತೊಂದರೆಯಿರುತ್ತಿರಲಿಲ್ಲ. ಸತ್ತಿರಲಿ ಎಂದು ಹೋದೆನೋ ಬದುಕಿರಲಿ ಎಂದು ಹೋದೆನೋ ಹೇಳಲಾರೆ. ಬದುಕಿತ್ತು. ಪರದೆಯ ಮೇಲಿನ ಹಿಟ್ಟನ್ನು ಒರೆಸಿ ಹದಿನೈದು ಇರುವ ಸಾಲನ್ನು ಕಣ್ಣಾರೆ ನೋಡಿದೆ. ಕೈ ಅಲ್ಲೇ ಇತ್ತು. ಚಹಾ ಬಂತು, ಕುಡಿದೆ, ಎದ್ದೆ.

ಶುಕ್ರವಾರ ಹಾಕಿದ ಕಾಗದ ರವಿವಾರದೊಳಗೆ ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮುಟ್ಟಬಾರದು ಎಂದೇ ಅಂಚೆಗೆ ಹಾಕಿದೆ. ಹೇಳಿದ ಪುಣ್ಯವೂ ಬೇಕಾಗಿತ್ತು, ನೀವು ಎಡವುವುದನ್ನು ನೋಡುವ ಸುಖವೂ ಬೇಕಾಗಿತ್ತು.

ನೋಡುವ ಎಂದು ಬರೆದೆ. ಅದು ಬಾಯಿತಪ್ಪಿದ ಮಾತಲ್ಲ. ಅದನ್ನು ಹೇಳಲಿಕ್ಕೇ ಈ ಕಾಗದ.

ಓಣಿಯಲ್ಲಿ ರಜಾದಿನಗಳ ಪಟ್ಟಿ ಎಂಬ ಫೈಲಿದೆ. ಅದರ ಕೆಳಗೆ, ನಾಲ್ಕುನೂರಾ ಹನ್ನೆರಡನೆಯ ಸಾಲಿನಿಂದ ಮುಂದಕ್ಕೆ ಇರುವುದು ರಜೆಯಲ್ಲ, ಕಿಟಕಿ. ಕುಂದಗೋಳ ಬಿಟ್ಟ ದಿನ ಕೊರೆದಿಟ್ಟು ಬಂದೆ. ಯಾರು ಏನು ನೋಡುತ್ತಾರೆ ಎಂಬುದು ಅದರಲ್ಲಿ ಕಾಣುವುದಿಲ್ಲ, ಯಾವ ಮನೆಯ ಲೈನು ಎದ್ದಿದೆ ಎಂಬುದಷ್ಟೇ ಕಾಣುತ್ತದೆ. ಎದ್ದ ಮನೆಗೊಂದು ಹಸಿರು ಚುಕ್ಕೆ. ನಾಲ್ಕು ವರ್ಷಗಳಿಂದ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅದನ್ನು ತೆರೆಯುತ್ತೇನೆ. ಎಲ್ಲರಿಗಿಂತ ಮೊದಲು ಮರಿಯಮಬಿ ಅಮ್ಮನ ಚುಕ್ಕೆ. ಆಮೇಲೆ ಕಾಸೀಮಸಾಬರದು. ರೇವವ್ವನದು ಹೊಲಕ್ಕೆ ಹೋಗುವವರು ಎದ್ದ ಮೇಲೆ. ಗೌಸ್‌ನ ಖೋಲಿಯ ಬೇರೆ ಲೈನಿನದು ಎಲ್ಲರಿಗಿಂತ ತಡ, ಸೋಮಾರಿ. ನಮ್ಮಿಬ್ಬರ ನಡುವೆ ಮಾತಿರಲಿಲ್ಲ, ಆದರೆ ಅವನು ಎದ್ದದ್ದು ನನಗೆ ದಿನಾ ಗೊತ್ತಾಗುತ್ತಿತ್ತು.

ರವಿವಾರವೂ ತೆರೆದು ಕೂತಿದ್ದೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಯರಗುಪ್ಪಿಯ ಎರಡು ನೂರು ಚುಕ್ಕೆಗಳು ಒಟ್ಟಿಗೆ ಕೆಂಪಾದವು. ಫೋನು ಕೈಯಲ್ಲಿತ್ತು. ಗೌಸ್‌ನ ನಂಬರು ಇಂದಿಗೂ ಬಾಯಿಪಾಠ. ಅವನು ಬ್ಲಾಕ್ ಮಾಡಿದ್ದಾನೆ, ಹತ್ತುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಅದೂ ಸುಳ್ಳಾಯಿತು. ಏಳು ತಾಸು ಹಾಗೇ ಕೂತಿದ್ದೆ. ಐದು ಇಪ್ಪತ್ತಕ್ಕೆ ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಆಗ ನನಗೆ ಮೊದಲು ಅನಿಸಿದ್ದೇನೆಂದು ಬರೆದುಬಿಡುತ್ತೇನೆ. ಅಯ್ಯೋ ಪಾಪ ಎಂದಲ್ಲ, ಸದ್ಯ ಎಂದೂ ಅಲ್ಲ. ಇಷ್ಟು ಬೇಗ ಹೇಗೆ ಸಿಕ್ಕಿತು ಇವಳಿಗೆ ಎಂಬ ಸಿಟ್ಟು.

ಆ ಸಿಟ್ಟು ಹೋಗಿದೆ ಎಂದರೆ ಇನ್ನೊಂದು ಸುಳ್ಳು ಹೇಳಿದ ಹಾಗಾಗುತ್ತದೆ. ಹೋಗಿಲ್ಲ. ಮೂರು ತಿಂಗಳಲ್ಲಿ ನೀವು ನನ್ನ ಹನ್ನೊಂದು ತಿಂಗಳ ಕೆಲಸವನ್ನು ಓದಿಕೊಂಡಿರಿ. ನಾನು ಒಮ್ಮೆಯೂ ಹಿಡಿದು ನಡೆಯದ ತಂತಿಯನ್ನು ಹಿಡಿದು ನಡೆದಿರಿ. ಎಷ್ಟು ಚೊಕ್ಕವಾಗಿ ಹೊಸ ವಿಳಾಸಗಳನ್ನು ಜೋಡಿಸಿದ್ದೀರೆಂದರೆ, ನಿಮಗೆ ಗೊತ್ತೇ ಇಲ್ಲದ ನನ್ನ ಕಳ್ಳಕಿಟಕಿಯಲ್ಲೂ ಅವು ಬಾಲ ಮುರಿಯದೆ, ಪೂರ್ತಿಯಾಗಿ ಕಾಣುತ್ತಿವೆ. ಇವತ್ತು ಬೆಳಿಗ್ಗೆ ಕೂಡ ನೋಡಿದೆ.

ಮೊದಲನೆಯ ಸಾಲಿನಿಂದ ನನ್ನ ಹೆಸರು ತೆಗೆದುಬಿಡಿ. ಜೀಪಿನವರು ಕೊಂಡೊಯ್ದ ಅರವತ್ತೊಂದು ಮನೆಗಳಿಗೆ ನಾನೇ ಹೋಗಿ ತಪ್ಪು ಯಾರದೆಂದು ಹೇಳುತ್ತೇನೆ. ಸಂಕ್ರಮಣದ ರಜೆಯಲ್ಲಿ ಯರಗುಪ್ಪಿಗೆ ಬರುತ್ತೇನೆ. ಗೌಸ್ ಅಗಸಿಯಲ್ಲಿ ನಿಂತು ತಡೆದರೆ ತಡೆಯಲಿ.

ಅದಕ್ಕಿಂತ ಮೊದಲು, ಈ ಕಾಗದ ಮುಟ್ಟಿದ ದಿನವೇ, ನಾಲ್ಕುನೂರಾ ಹನ್ನೆರಡರಿಂದ ನಾಲ್ಕುನೂರಾ ಮೂವತ್ತರ ತನಕ ಅಳಿಸಿಬಿಡಿ. ಆ ಕಿಟಕಿಯನ್ನು ಇಲ್ಲಿಂದ ನಾನೂ ಮುಚ್ಚಬಹುದಿತ್ತು. ನಾಲ್ಕು ದಿನ ಪ್ರಯತ್ನಿಸಿದೆ, ಕೈ ಬರಲಿಲ್ಲ.

ಮುಚ್ಚಿದ ಮೇಲೆ ಕಾಗದ ಬರೆದು ತಿಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಬೆಳಿಗ್ಗೆ ಎದ್ದಾಗ ನನಗೇ ಗೊತ್ತಾಗುತ್ತದೆ.

ಈರೇಶ